ಮೂರು ನಿಮಿಷದ ರಾಗ, ಮೂರು ಊರಿನ ಜಗಳ

ಬಳ್ಳಾರಿಗೆ ತನ್ನದೊಂದು ಘರಾಣೆ ಇಲ್ಲ. ಹಿಂದೂಸ್ತಾನಿ ಗದಗಿನ ಕಡೆಯಿಂದ ಬಂತು, ಕರ್ನಾಟಕ ಸಂಗೀತ ಆಂಧ್ರದ ಕಡೆಯಿಂದ. ನಡುವೆ ಕೂತವರು ಗ್ರಾಮಫೋನ್ ಪ್ಲೇಟು ಕೇಳಿದರು, ಕೇಳಿ ಜಗಳವಾಡಿದರು. ಆ ಜಗಳ ಇನ್ನೂ ಮುಗಿದಿಲ್ಲ.

ಸಿರುಗುಪ್ಪದಲ್ಲಿ ಕಾಲುವೆಗೆ ನೀರು ಬಿಟ್ಟ ವಾರ. ಗದ್ದೆಗಳಲ್ಲಿ ಕಪ್ಪೆಗಳ ಗದ್ದಲ. ಹಳೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮೂವರು ಕೂತಿದ್ದೇವೆ. ಎದುರಿಗೆ ಕರಿ ಪೆಟ್ಟಿಗೆ.

ಮನೆಯ ಯಜಮಾನರು ಅಕ್ಕಿ ಗಿರಣಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ನಮಗೆಲ್ಲ ‘ಗುಮಾಸ್ತರು’. ಗ್ರಾಮಫೋನಿಗೆ ಚಾವಿ ಕೊಡುವುದನ್ನೂ ಅವರು ಎಣಿಸಿಯೇ ಕೊಡುತ್ತಾರೆ. ಇಪ್ಪತ್ತೆಂಟು ಸುತ್ತು. ಇಪ್ಪತ್ತೊಂಬತ್ತಾದರೆ ಸ್ಪ್ರಿಂಗು ಕಿತ್ತು ಹೋದೀತೆಂಬ ಭಯ. ಕಡಿಮೆಯಾದರೆ ಪ್ಲೇಟಿನ ಕೊನೆಗೆ ಓಟ ಸಡಿಲಾಗಿ ಹಾಡುವವರ ಶ್ರುತಿ ಇಳಿಯುತ್ತದೆ. ‘ಖಾನ್‌ಸಾಹೇಬ್ರಿಗೆ ಕಣ್ಣೆದುರಿಗೇ ವಯಸ್ಸಾಗಿಬಿಡ್ತೈತೆ’ ಅನ್ನುತ್ತಾರೆ.

ಹೊಸ ಪಿನ್ನು ಸಿಕ್ಕಿಸಿದರು. ಹಳೆಯದು ಬೆಂಕಿಪೊಟ್ಟಣ ಸೇರಿತು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು. ಅದರೊಳಗಿಂದ, ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದ ಹಾಗೆ, ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ತೆಳ್ಳನೆಯ ದನಿ. ಝಿಂಝೋಟಿಯ ಠುಮ್ರಿ.

ಮೂರು ನಿಮಿಷ. ಪೀಠಿಕೆ ಇಲ್ಲ, ಸಾವಕಾಶ ಇಲ್ಲ. ಬಾಗಿಲು ತೆಗೆದವರೇ ನಡುಮನೆಗೆ ಬಂದ ಹಾಗೆ ಖಾನರು ನೇರ ರಾಗದೊಳಗೆ ನಿಂತಿರುತ್ತಾರೆ. ಪಿನ್ನು ನಡುವಿನ ಕಾಗದದ ಚೀಟಿಯ ಹತ್ತಿರ ಹೋಗಿ ಗರ್ ಗರ್ ಎಂದಿತು. ಗುಮಾಸ್ತರು ಎತ್ತಿದರು.

ಒಂದು ನಿಮಿಷ ಯಾರೂ ಮಾತಾಡಬಾರದು. ಇದು ನಮ್ಮ ಕೂಟದ ಮೊದಲ ಕಾನೂನು. ಆಮೇಲೆ ಒಬ್ಬೊಬ್ಬರೂ ತಮಗೆ ಕೇಳಿಸಿದ್ದೊಂದನ್ನು ಹೇಳಬೇಕು. ‘ಚೆನ್ನಾಗಿದೆ’ ಅನ್ನುವ ಹಾಗಿಲ್ಲ. ಅಂದವರು ಎಲ್ಲರಿಗೂ ಒಗ್ಗರಣೆ ಮಿರ್ಚಿ ತರಿಸಬೇಕು. ಹತ್ತು ವರ್ಷದಲ್ಲಿ ಹೆಚ್ಚು ಮಿರ್ಚಿ ತರಿಸಿದವನು ನಾನೇ.

‘ಇದು ಚೆಂಚುರುಟ್ಟಿ,’ ಗುಮಾಸ್ತರು ಶುರು ಹಚ್ಚಿದರು.

‘ಝಿಂಝೋಟಿ ಅಂತ ಪ್ಲೇಟಿನ ಮ್ಯಾಲೇ ಬರ್ದೈತಲ್ರೀ,’ ಕುರುಗೋಡಿನ ಮೇಷ್ಟ್ರು.

‘ಬರದವ್ರು ಕಂಪನಿಯವ್ರು. ಹಾಡಿದವ್ರು ಬರದಿದ್ದಾರೇನು?’

ಗುಮಾಸ್ತರ ಮನೆಮಾತು ತೆಲುಗು, ಬೀದಿಮಾತು ಕನ್ನಡ. ಕಿವಿ ತಯಾರಾದದ್ದು ಆದವಾನಿಯ ಭಜನೆ ಕೂಟಗಳಲ್ಲಿ. ಮೇಷ್ಟ್ರು ಕುರುಗೋಡಿನವರಾದರೂ ಓದಿದ್ದು ಧಾರವಾಡದಲ್ಲಿ. ಅವರಿಗೆ ಪ್ರಪಂಚ ಶುರುವಾಗುವುದು ಗದಗಿನ ಸ್ಟೇಷನ್ನಿನ ಆಚೆ. ನಾನು ಬಳ್ಳಾರಿಯ ಕೌಲ್ ಬಜಾರಿನವನು, ಎರಡೂ ಕಡೆ ತಲೆಯಾಡಿಸುವವನು. ಎರಡು ರಾಗಗಳೂ ಹತ್ತಿರದ ನೆಂಟರು, ಇಬ್ಬರೂ ಸರಿ ಎಂದು ಹೇಳಿದರೆ ಇಬ್ಬರಿಗೂ ಸಿಟ್ಟು.

ಈ ಜಗಳ ಬರೀ ರಾಗದ ಹೆಸರಿನದ್ದಲ್ಲ, ಜಿಲ್ಲೆಯ ಚರಿತ್ರೆಯದ್ದು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಅಲ್ಲಿಂದ ನೂರೈವತ್ತು ವರ್ಷ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಗೆರೆ ಎಳೆದವರು ತಾಲ್ಲೂಕು ಹಂಚಿದರು, ಕಿವಿ ಹಂಚಲು ಆಗಲಿಲ್ಲ.

ಇನ್ನೊಂದು ಕಡೆ ರೈಲು. ಗುಂತಕಲ್‌ನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಹಾದು ಹೋಗುತ್ತದೆ. ನಾಟಕ ಕಂಪನಿಗಳು ಸಾಮಾನು ಸರಂಜಾಮು ಹೇರಿಕೊಂಡು ಓಡಾಡಿದ ದಾರಿ ಇದು. ಹಾರ್ಮೋನಿಯಂ ಪೆಟ್ಟಿಗೆ ಗದಗಿನ ಕಡೆಯಿಂದ ಬಂತು, ತ್ಯಾಗರಾಜರ ಕೃತಿ ಗುಂತಕಲ್ ಕಡೆಯಿಂದ ಬಂತು. 1950ರ ಜನವರಿ 8ರಂದು ಆಕಾಶವಾಣಿ ಧಾರವಾಡ ಶುರುವಾದಾಗ ಬಳ್ಳಾರಿ ಇನ್ನೂ ಮದ್ರಾಸಿನಲ್ಲೇ ಇತ್ತು. ರೇಡಿಯೊದ ಮುಳ್ಳಿಗೆ ಅದು ಗೊತ್ತಿರಲಿಲ್ಲ, ತಿರುಗಿಸಿದರೆ ಧಾರವಾಡ ಸಿಗುತ್ತಿತ್ತು.

ಬಳ್ಳಾರಿ ಹೆಸರು ಮಾಡಿದ್ದು ರಂಗಭೂಮಿಯಲ್ಲಿ. ಬಳ್ಳಾರಿ ರಾಘವರು (1880–1946) ವಕೀಲರಾಗಿದ್ದೂ ನಟರು. ಸುಭದ್ರಮ್ಮ ಮನ್ಸೂರರು ತಮ್ಮ ಕಾಲದ ರಂಗಗೀತೆಗಳನ್ನು 2020ರಲ್ಲಿ ತೀರಿಕೊಳ್ಳುವವರೆಗೂ ಗಂಟಲಲ್ಲೇ ಇಟ್ಟುಕೊಂಡಿದ್ದರು. ಜೋಳದರಾಶಿ ದೊಡ್ಡನಗೌಡರು ಕಾವ್ಯ ಹಾಡುವ ಗಮಕಿಗಳು. ಇಂಥ ಊರಿನ ಕೇಳುಗನಿಗೆ ಸಾಹಿತ್ಯ ಕಿವಿಗೆ ಬೀಳದಿದ್ದರೆ ಸಮಾಧಾನವಿಲ್ಲ. ‘ಏನ್ ಹಾಡಿದ?’ ಮೊದಲ ಪ್ರಶ್ನೆ, ‘ಹೆಂಗ್ ಹಾಡಿದ?’ ಎರಡನೆಯದು.

ಅದಕ್ಕೇ ನಮ್ಮ ಕೂಟದಲ್ಲಿ ಅತಿ ಹೆಚ್ಚು ಸಲ ತಿರುಗಿದ್ದು ಖಾನರ ಇನ್ನೊಂದು ಪ್ಲೇಟು.

ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿ. ಹಾಡುವವರು ಉತ್ತರದ ಕೈರಾನದಲ್ಲಿ ಹುಟ್ಟಿ, ಮೀರಜಿನಲ್ಲಿ ನೆಲೆಸಿ, ಮೈಸೂರು ಅರಮನೆಗೆ ಹೋಗಿಬರುತ್ತಾ ದಕ್ಷಿಣದ ಸಂಗೀತಕ್ಕೆ ಮನಸೋತವರು. ಗುಮಾಸ್ತರು ಮೊದಲ ಸಲ ಕೇಳಿದಾಗ ಗಹಗಹಿಸಿ ನಕ್ಕರಂತೆ. ತೆಲುಗು ಅಕ್ಷರಗಳು ಖಾನರ ಬಾಯಲ್ಲಿ ಊರಿಗೆ ಹೊಸದಾಗಿ ಬಂದ ಅಳಿಯನ ಹಾಗೆ ಅಳುಕುತ್ತಾ ನಡೆಯುತ್ತವೆ. ಎರಡನೆಯ ಸಲ ಕೇಳಿದಾಗ ನಗು ಬರಲಿಲ್ಲವಂತೆ. ‘ಮಾತು ತಪ್ಪೈತೆ ಸಾರ್. ಆದ್ರೆ ಬೇಡಿಕೊಳ್ಳೋನು ವ್ಯಾಕರಣ ನೋಡ್ತಾನೇನು?’

ನನಗೆ ಆ ಪ್ಲೇಟಿನಲ್ಲಿ ಕೇಳಿಸುವುದು ಬೇರೆ. ಕರ್ನಾಟಕ ಸಂಗೀತದವರು ಸ್ವರವನ್ನು ಅಲುಗಿಸಿ ತೋರಿಸುವ ಕಡೆ ಖಾನರು ಅದನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಗಮಕ ಬೇಕಾದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಎಳೆಯುತ್ತಾರೆ. ರಾಗ ಅದೇ, ನಡಿಗೆ ಬೇರೆ. ಬಳ್ಳಾರಿಯ ಹೆಣ್ಣುಮಗಳು ಸೋಲಾಪುರದ ಗಂಡನ ಮನೆಯಿಂದ ಹಬ್ಬಕ್ಕೆ ಬಂದ ಹಾಗೆ. ಖರಹರಪ್ರಿಯ, ಹಿಂದೂಸ್ತಾನಿಯ ಕಾಫಿ ಥಾಟ್, ಸ್ವರಗಳು ಒಂದೇ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ. ಕಿವಿಗೆ ಗೊತ್ತಾದದ್ದು ಈ ಪ್ಲೇಟಿನಿಂದ.

1937ರ ಅಕ್ಟೋಬರ್ 27ರಂದು, ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಖಾನರು ತೀರಿಕೊಂಡರು. ಎರಡು ಸಂಗೀತಗಳ ನಡುವೆ ಓಡಾಡಿದ ಜೀವ ಕೊನೆಗೂ ಪ್ರಯಾಣದಲ್ಲೇ ನಿಂತಿತು.

[ಬಾಕ್ಸ್] ಹೆಸರು ಹೇಳಿದ ಹೆಣ್ಣು

1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ. ಹಾಡು ಮುಗಿದ ಮೇಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಾಳೆ. ಜಂಬವಲ್ಲ: ಪ್ಲೇಟು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾರ ಹಾಡೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲೇ ಕಾರ್ಖಾನೆ ಬಂತು. ಕೊನೆಗಾಲದಲ್ಲಿ ಗೌಹರ್ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡರು.

ಝಿಂಝೋಟಿಯ ಪ್ಲೇಟಿಗೆ ಇನ್ನೊಂದು ಕಥೆಯಿದೆ, ಮೇಷ್ಟ್ರು ಪ್ರತಿ ಸಲವೂ ಹೊಸದೆಂಬಂತೆ ಹೇಳುವ ಕಥೆ. ಗದಗಿನಲ್ಲಿ ಶಾಲೆಗೆ ಹೋಗುವ ಹುಡುಗನೊಬ್ಬ ದಾರಿಯ ಅಂಗಡಿಯಲ್ಲಿ ಈ ಠುಮ್ರಿ ಕೇಳುತ್ತಾನೆ. ಹೀಗೆ ಹಾಡಬೇಕು ಅನ್ನಿಸುತ್ತದೆ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡುತ್ತಾನೆ. ಟಿಕೆಟ್ಟಿಲ್ಲ, ರೈಲಿನಲ್ಲಿ ಹಾಡುತ್ತಾ ಹೋದ. ಗ್ವಾಲಿಯರ್‌ವರೆಗೂ ಅಲೆದು ತಿರುಗಿ ಬಂದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹಿತ್ತಲಲ್ಲೇ ಎನ್ನಬಹುದಾದ ಕುಂದಗೋಳದಲ್ಲಿ: ಸವಾಯಿ ಗಂಧರ್ವರು. ಅವರು ಅಬ್ದುಲ್ ಕರೀಂ ಖಾನರ ಶಿಷ್ಯರು! ಓಡಿಹೋದ ಹುಡುಗ ಭೀಮಸೇನ ಜೋಶಿ. ಭೀಮಸೇನರೇ ಹೇಳಿಕೊಂಡ ಕಥೆ ಇದು.

ಅವರೊಬ್ಬರೇ ಅಲ್ಲ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ದೊಡ್ಡವರ ಪ್ಲೇಟುಗಳನ್ನು ಕೇಳಿ ಅಚ್ಚೊತ್ತಿದ ಹಾಗೆ ಹಾಡುತ್ತಿದ್ದ. ಜನ ಬೆರಗಾಗಿ ಕುಮಾರ ಗಂಧರ್ವ ಎಂದರು. ಗಂಗೂಬಾಯಿ ಹಾನಗಲ್ ಬಾಲ್ಯದಲ್ಲಿ ಗ್ರಾಮಫೋನ್ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದರು. ಧಾರವಾಡದ ಗಾಯಕರಿಗೆ ಯಾವ ಯಾವ ಉಸ್ತಾದರು ಗುರುಗಳೆಂದು ಪಟ್ಟಿ ಮಾಡುವವರು ನಾಯಿ ಮಾರ್ಕಿನ ಪೆಟ್ಟಿಗೆಯನ್ನೂ ಒಂದು ಹೆಸರಾಗಿ ಸೇರಿಸಬೇಕು.

ಗಂಗೂಬಾಯಿಯವರ ವಿಷಯದಲ್ಲಿ ನಮ್ಮ ಕೂಟದ ತೀರ್ಪು ಬಂದದ್ದು ಅಡುಗೆಮನೆಯಿಂದ.

ಅವರ 1930ರ ದಶಕದ ಪ್ಲೇಟಿನ ಮೇಲೆ ಹೆಸರು ‘ಗಾಂಧಾರಿ’. ದನಿ ತೆಳು, ಎತ್ತರ, ಚುರುಕು. ಮುಂದೆ ಗಂಟಲಿನ ತೊಂದರೆ, ಚಿಕಿತ್ಸೆ. ದನಿ ಕೆಳಗಿಳಿಯಿತು, ದಪ್ಪವಾಯಿತು. ನಾವೆಲ್ಲ ಕೇಳಿ ಬೆಳೆದದ್ದು ಆ ಎರಡನೆಯ ಗಂಗೂಬಾಯಿಯನ್ನು. ಅಂದು ಗುಮಾಸ್ತರು ಮೊದಲು ಹಳೆಯ ಪ್ಲೇಟು, ಆಮೇಲೆ ಮೇಷ್ಟ್ರು ತಂದ ಕ್ಯಾಸೆಟ್ಟು ಹಾಕಿದರು. ಇಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟ. ನಾವು ಮೂವರು ಪ್ರಾಣ, ಶ್ರುತಿ, ಕಿರಾಣಾ ಘರಾಣೆ ಎಂದೆಲ್ಲ ಹೆಣಗುತ್ತಿದ್ದಾಗ ಗುಮಾಸ್ತರ ಮನೆಯವರು ಚಹಾದ ತಟ್ಟೆ ಹಿಡಿದು ಬಂದು ಬಾಗಿಲಲ್ಲಿ ನಿಂತರು.

‘ಮೊದಲಿಂದು ಸೊಸಿ ದನಿ. ಇದು ಅತ್ತಿ ದನಿ.’

ಇಷ್ಟೇ ಹೇಳಿ ಒಳಗೆ ಹೋದರು. ಮೇಷ್ಟ್ರು ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಗಂಗೂಬಾಯಿಯ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳು ಹಿಂದೂಸ್ತಾನಿ ಕಲಿಯಲು ಶುರುಮಾಡಿದಾಗ, ಅವಳ ಕಿವಿ ಕೆಡಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ಎರಡು ಸಂಗೀತ ಒಂದೇ ಮನೆಯಲ್ಲಿ ಇರಲಾರವೆಂದು ಆ ತಾಯಿಗೆ ಅನ್ನಿಸಿತ್ತು. ಅಂಬಾಬಾಯಿಯದ್ದು ದೊಡ್ಡ ತ್ಯಾಗ, ಅನುಮಾನವಿಲ್ಲ. ಆದರೂ ಸಿರುಗುಪ್ಪದ ಪಡಸಾಲೆಯಲ್ಲಿ ಚೆಂಚುರುಟ್ಟಿ–ಝಿಂಝೋಟಿ ಕಚ್ಚಾಡಿಕೊಂಡು ಒಂದೇ ಚಾಪೆಯ ಮೇಲೆ ಚಹಾ ಕುಡಿಯುವುದನ್ನು ನೋಡಿದಾಗಲೆಲ್ಲ ನನಗೆ ಆಕೆ ನೆನಪಾಗುತ್ತಾರೆ.

ಕುರುಗೋಡಿನಲ್ಲಿ ಕೂಟ ಸೇರಿದರೆ ಪೆಟ್ಟಿಗೆ ಬದಲು ಟೇಪ್‌ರೆಕಾರ್ಡರ್. ಮೇಷ್ಟ್ರ ಮನೆ ದೊಡ್ಡ ಬಸವೇಶ್ವರನ ಗುಡಿಗೆ ನಾಲ್ಕು ಹೆಜ್ಜೆ. ಅವರಿಗೆ ಪ್ಲೇಟಿನ ಸಾಸಿವೆ ಸದ್ದು ಆಗದು. ಬೀರುವಿನ ತುಂಬ ಕ್ಯಾಸೆಟ್ಟು, ಪ್ರತಿಯೊಂದರ ಮೇಲೂ ಶಾಲೆಯ ಹಾಜರಿ ಪುಸ್ತಕದ ಅಕ್ಷರ. ರೀಲು ಸಡಿಲಾದರೆ ಸುತ್ತಲು ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ಲು.

ಅವರು ಪಾಠ ಹೇಳಿದ್ದು ಕನ್ನಡ ವ್ಯಾಕರಣ. ಸಂಗೀತದ ವಿಮರ್ಶೆಯೂ ಅದೇ ಭಾಷೆಯಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಬಗ್ಗೆ: ‘ಇವ್ರು ಪದ ಬಿಡಿಸಿ ಹಾಡಲ್ಲ. ಸಮಾಸ ಮಾಡಿ ಹಾಡ್ತಾರೆ. ಬಿಡಿಸ್ಕೊಳ್ಳೋದು ನಮ್ಮ ಕೆಲಸ.’ ಜೈಪುರ ಅತ್ರೌಲಿ ಘರಾಣೆಯ ಗಾಯನದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಓದಿಲ್ಲ. ಮನ್ಸೂರರ ಒಂದು ಎಳೆ ಮುಗಿಯುವ ಮೊದಲೇ ಇನ್ನೊಂದು ಹೆಣೆದುಕೊಂಡಿರುತ್ತದೆ. ಉಸಿರು ಎಲ್ಲಿ ತೆಗೆದುಕೊಂಡರು ಎಂದು ಹುಡುಕುತ್ತಿರುವಾಗಲೇ ತಾಳದ ಸಮ್ಮಿಗೆ ಬಂದಿರುತ್ತಾರೆ.

ಕುಮಾರ ಗಂಧರ್ವರನ್ನು ಮೇಷ್ಟ್ರು ಬಹಳ ಕಾಲ ಒಪ್ಪಲಿಲ್ಲ. ‘ಪೂರ್ಣವಿರಾಮ ಎಲ್ಲೆಂದ್ರಲ್ಲಿ ಹಾಕ್ತಾನೆ’ ಎಂಬ ದೂರು. ಪ್ಲೇಟುಗಳನ್ನು ಅಚ್ಚೊತ್ತುತ್ತಿದ್ದ ಆ ಹುಡುಗ ಬೆಳೆದ ಮೇಲೆ ಕ್ಷಯ ಬಂದು ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದ. ಎದ್ದಾಗ ಉದ್ದದ ತಾನುಗಳಿಲ್ಲ. ತುಂಡು ತುಂಡು ಸ್ವರ, ನಡುವೆ ಮೌನ, ಮಾಳವದ ಹಳ್ಳಿ ಹಾಡುಗಳ ಮಣ್ಣು. ಅವರ ನಿರ್ಗುಣಿ ಭಜನೆಗಳ ಕ್ಯಾಸೆಟ್ಟು ಕೇಳಿದ ರಾತ್ರಿ ಮೇಷ್ಟ್ರು ನನಗೆ ಫೋನ್ ಮಾಡಿದರು. ಹನ್ನೊಂದೂವರೆ ಗಂಟೆ. ‘ತಪ್ಪಾಯ್ತು ಸಾರ್. ಅದು ಪೂರ್ಣವಿರಾಮ ಅಲ್ಲ. ವಚನದಾಗ ಸಾಲು ಮುರೀತಾರಲ್ಲ, ಅದು.’

ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಎದ್ದು ನಾನೂ ಅದನ್ನೇ ಹಾಕಿಕೊಂಡೆ. ಹತ್ತು ಸಲ ಕೇಳಿದ್ದ ಭಜನೆಯಲ್ಲಿ ಸಾಲು ಮುರಿಯುವ ಜಾಗ ಕೇಳಿಸಿದ್ದು ಅಂದೇ.

ಮಳೆಗಾಲದ ಮಾತು ಬಂದರೆ ಬಳ್ಳಾರಿಯವರಿಗೆ ನಗು. ನಮ್ಮೂರಿಗೆ ಎರಡೇ ಕಾಲ: ಬೇಸಿಗೆ, ಕಡು ಬೇಸಿಗೆ. ಮೋಡ ಬರುತ್ತವೆ, ಕೋಟೆ ಗುಡ್ಡದ ಮೇಲೆ ಸ್ವಲ್ಪ ಹೊತ್ತು ನಿಂತು, ವಿಳಾಸ ತಪ್ಪಿದವರ ಹಾಗೆ ಮುಂದೆ ಹೋಗುತ್ತವೆ. ಇಲ್ಲಿ ಮಳೆಯ ರಾಗ ಮಲ್ಹಾರ ಕೇಳುವುದೆಂದರೆ ಸಾಲ ಪಡೆದವನ ದಾರಿ ಕಾದ ಹಾಗೆ. ಮನ್ಸೂರರು ಹಳೆಯ ಪ್ಲೇಟಿನಲ್ಲಿ ಹಾಡಿದ ಗೌಡ ಮಲ್ಹಾರವನ್ನು ಸಿರುಗುಪ್ಪದಲ್ಲಿ ಕೇಳಿದರೆ ತುಂಗಭದ್ರೆಯ ಕಾಲುವೆ ನೆನಪಾಗುತ್ತದೆ. ಬಳ್ಳಾರಿಯಲ್ಲಿ ಕೇಳಿದರೆ ನೀರಿನ ಟ್ಯಾಂಕರು.

ಈ ಬಿಸಿಲೇ ನನ್ನ ಮಾನ ಕಳೆದದ್ದು. ಭೀಮಸೇನರ ಮಿಯಾಂ ಮಲ್ಹಾರದ ಎಲ್‌ಪಿಯನ್ನು ಮೇ ತಿಂಗಳಲ್ಲಿ ಪಡುವಣ ಕಿಟಕಿಯ ಹತ್ತಿರ ಒರಗಿಸಿಟ್ಟು ಮದುವೆಗೆ ಹೋಗಿದ್ದೆ. ಬಂದು ನೋಡಿದರೆ ಪ್ಲೇಟು ಹಪ್ಪಳ. ಆದರೂ ಆಸೆ ಬಿಡದೆ ಕೂಟದಲ್ಲಿ ಹಾಕಿದೆ. ಪ್ರತಿ ಸುತ್ತಿಗೂ ಮುಳ್ಳು ಗುಡ್ಡ ಹತ್ತಿ ಇಳಿಯುತ್ತಿತ್ತು. ಮಿಯಾಂ ಮಲ್ಹಾರದಲ್ಲಿ ಎರಡು ನಿಷಾದಗಳು ಅಕ್ಕಪಕ್ಕ ಬಂದು ಉಜ್ಜಿಕೊಳ್ಳುತ್ತವೆ, ಗುಡುಗಿನ ಮೊದಲ ಗುರುಗುಟ್ಟುವಿಕೆ ಹಾಗೆ. ನನ್ನ ಪ್ಲೇಟಿನಲ್ಲಿ ಎರಡರ ನಡುವೆ ಮೂರನೆಯದೂ ಒಂದು ಹುಟ್ಟಿತ್ತು.

ಗುಮಾಸ್ತರು ಗಂಭೀರವಾಗಿ ಹೇಳಿದರು: ‘ಭೀಮಸೇನ್ರು ಹಾಡೋವಾಗ ಮೈಯೆಲ್ಲಾ ಅಲ್ಲಾಡಿಸ್ತಿದ್ರು. ಪ್ಲೇಟೂ ಹಂಗೇ ಅಲ್ಲಾಡ್ತೈತೆ, ಬಿಡಿ.’

[ಬಾಕ್ಸ್] ಅಟ್ಟದಲ್ಲಿ ಪ್ಲೇಟು ಇದ್ದರೆ

78ರ (ನಿಮಿಷಕ್ಕೆ 78 ಸುತ್ತು) ಕರಿ ಪ್ಲೇಟಿನ ಮೂಲವಸ್ತು ಅರಗು. ಬಿದ್ದರೆ ಬಳೆಯಂತೆ ಒಡೆಯುತ್ತದೆ. ಹತ್ತು ಇಂಚಿನದಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಬಿಸಿಲಿನಿಂದ ದೂರ ಇಡಿ. ಎಲ್‌ಪಿಯ ಸಣ್ಣ ಮುಳ್ಳಿನಲ್ಲಿ 78 ಹಾಕಬೇಡಿ. ಅದರ ಗೆರೆ ಅಗಲ, ಅದಕ್ಕೆ ಅಗಲದ ಮುಳ್ಳೇ ಬೇಕು. ಹಳೆಯ ಪೆಟ್ಟಿಗೆಯಾದರೆ ಒಂದು ಬದಿಗೆ ಒಂದು ಪಿನ್ನು. ಸವೆದ ಪಿನ್ನು ಪ್ಲೇಟನ್ನು ಕೊರೆಯುತ್ತದೆ.

ಈಗ ಇವೆಲ್ಲ ಫೋನಿನಲ್ಲೇ ಸಿಗುತ್ತವಲ್ಲ ಎಂದು ಗುಮಾಸ್ತರ ಮೊಮ್ಮಗ ಕೇಳುತ್ತಾನೆ. ಸಿಗುತ್ತವೆ. ಅದೇ ಝಿಂಝೋಟಿಯನ್ನು ಸಾಸಿವೆ ಸದ್ದು ತೆಗೆದು ತೊಳೆದು ಇಟ್ಟಿದ್ದಾರೆ. ಮೇಷ್ಟ್ರಿಗೆ ಅದೇ ಇಷ್ಟ. ನನಗೆ ತೊಳೆದ ದನಿಯಲ್ಲಿ ಖಾನರು ಸ್ವಲ್ಪ ಸೊರಗಿದ ಹಾಗೆ ಕೇಳುತ್ತದೆ. ಸದ್ದಿನ ಜೊತೆ ದನಿಯ ಅಂಚೂ ಹೋಗಿರುತ್ತದೆ. ಫೋನಿನ ಬಗ್ಗೆ ನನ್ನ ತಕರಾರು ಒಂದೇ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತವನ ಎದುರು ಕೂತವನಿಗೆ ಏನೂ ಕೇಳುವುದಿಲ್ಲ. ಮತ್ತೆ ಜಗಳ ಯಾರೊಂದಿಗೆ?

ಆದರೆ ಫೋನು ಉಪಕಾರವನ್ನೂ ಮಾಡಿದೆ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ, ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ದನಿ ಬೇಕೆಂದಾಗ ಕೈಗೆ ಬರುತ್ತದೆ. ಹಿಂದೆ ಒಂದು ಕ್ಯಾಸೆಟ್ಟಿಗಾಗಿ ಮೇಷ್ಟ್ರು ಗದಗಿಗೆ ರೈಲು ಹತ್ತಿದ್ದಿದೆ.

ಹಳೆಯ ಪ್ಲೇಟು ಹೀಗೆ ಫೋನಿನಲ್ಲಿ ಸಿಗುವುದರ ಬಗ್ಗೆ ಕಾನೂನಿನ ಒಂದು ಮಾತು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಖಾನರ ಪ್ಲೇಟುಗಳು, ಗಾಂಧಾರಿಯ ಪ್ಲೇಟುಗಳು ಆ ಅವಧಿ ದಾಟಿ ಎಷ್ಟೋ ಕಾಲವಾಯಿತು. ಮುಂಬೈಯಲ್ಲಿ 1990ರಲ್ಲಿ ಪ್ಲೇಟು ಸಂಗ್ರಾಹಕರೆಲ್ಲ ಸೇರಿ ಸಂಘವನ್ನೇ ಕಟ್ಟಿಕೊಂಡರು. ನಮ್ಮ ಕಡೆ ಸಂಘವಿಲ್ಲ, ಗುಜರಿ ಅಂಗಡಿಯಿದೆ. ಗುಮಾಸ್ತರ ಅರ್ಧ ಪ್ಲೇಟುಗಳು ಬಂದದ್ದು ಅಲ್ಲಿಂದಲೇ, ತೂಕದ ಲೆಕ್ಕದಲ್ಲಿ. ಗುಜರಿಗೆ ಬಾರದ ಇನ್ನೆಷ್ಟು ಪ್ಲೇಟುಗಳು ಯಾವ ಮನೆಗಳಲ್ಲಿ ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ರೇಷ್ಮೆ ಸೀರೆಯ ಕೆಳಗೆ ಕೂತಿವೆಯೋ.

ಅಂದು ರಾತ್ರಿ ಸಿರುಗುಪ್ಪದಿಂದ ಹೊರಡುವ ಮೊದಲು ಗುಮಾಸ್ತರು ಝಿಂಝೋಟಿಯನ್ನು ಇನ್ನೊಮ್ಮೆ ಹಾಕಿದರು. ಇಪ್ಪತ್ತೆಂಟು ಸುತ್ತು, ಹೊಸ ಪಿನ್ನು. ಮುಗಿದ ಮೇಲೆ ಒಂದು ನಿಮಿಷ ಮೌನ. ಹೊರಗೆ ಕಪ್ಪೆಗಳು.

‘ಚೆಂಚುರುಟ್ಟಿನೇ,’ ಅಂದರು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಓದುಗರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಪ್ಲೇಟು ಸಿಕ್ಕರೆ ಗುಜರಿಗೆ ಹಾಕಬೇಡಿ. ಪೆಟ್ಟಿಗೆ ಇರುವ ಮನೆ ಹುಡುಕಿ, ನೆರೆಯವರಿಬ್ಬರನ್ನು ಕರೆದು ಒಮ್ಮೆ ಹಾಕಿಸಿ. ಕೇಳಿದ ಮೇಲೆ ದಯವಿಟ್ಟು ‘ಚೆನ್ನಾಗಿದೆ’ ಅನ್ನಬೇಡಿ.